ಗರಡಿಮನೆಯ ನೆನೆಗಡಲೆ

ಮೈಸೂರಿಗೆ ಬರುವ ಪ್ರವಾಸಿಯು ಅರಮನೆಯನ್ನು ನೋಡುವನು, ಚಾಮುಂಡಿ ಬೆಟ್ಟವನ್ನು ಏರುವನು, ಸಂಜೆ ಬೃಂದಾವನದ ಕಾರಂಜಿಗಳ ಮುಂದೆ ನಿಂತು ತೃಪ್ತನಾಗಿ ಹಿಂದಿರುಗುವನು. ಆದರೆ ನಗರದ ಹಳೆಯ ಕೇರಿಗಳಲ್ಲಿ, ಹೆಂಚಿನ ಮನೆಗಳ ನಡುವೆ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದುಕೊಂಡು ನಿಂತಿರುವ ಗಿಡ್ಡನೆಯ ಕಟ್ಟಡವು ಅವನ ಕಣ್ಣಿಗೆ ಬೀಳುವುದು ಅಪರೂಪ. ಅದೇ ಗರಡಿಮನೆ. ಅನೇಕ ಗರಡಿಗಳ ಬಾಗಿಲು ಎಷ್ಟು ಕುಳ್ಳಾಗಿರುವುದೆಂದರೆ, ಎಂತಹ ಜಟ್ಟಿಯಾದರೂ ತಲೆ ಬಾಗಿಸದೆ ಒಳಹೋಗಲಾರನು. ಒಳಗೆ ಮಂದ ಬೆಳಕು, ಗೋಡೆಯಲ್ಲಿ ಆಂಜನೇಯ, ಮೂಲೆಯಲ್ಲಿ ಗದೆಗಳು. ನಡುವೆ, ಎಣ್ಣೆ ಮಜ್ಜಿಗೆ ಅರಿಸಿನಗಳನ್ನು ಬೆರೆಸಿ ಹದಗೊಳಿಸಿದ ಕೆಮ್ಮಣ್ಣಿನ ಮಟ್ಟಿ.

ಮೈಸೂರಿಗೂ ಮಲ್ಲವಿದ್ಯೆಗೂ ಇರುವ ನಂಟು ಹಳೆಯದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆಯ ಉತ್ಸವವನ್ನು ಆರಂಭಿಸಿದರು. 1638ರಲ್ಲಿ ಪಟ್ಟವೇರಿದ ರಣಧೀರ ಕಂಠೀರವ ನರಸರಾಜ ಒಡೆಯರು ಸ್ವತಃ ಮಲ್ಲರೆಂದು ಪ್ರಸಿದ್ಧರು. ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಜಟ್ಟಿಯನ್ನು ಗೆದ್ದರೆಂಬ ಕಥೆಯನ್ನು ನಾಡು ಇಂದಿಗೂ ಮರೆತಿಲ್ಲ. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವು ಮೊದಲ ರಕ್ತಬಿಂದು ಕಂಡೊಡನೆ ಮುಗಿಯುವುದು. ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ನಡೆಯುವ ದಸರಾ ಕುಸ್ತಿಗಾದರೋ ದಿನಗಳ ಮುಂಚೆಯೇ ಜೋಡಿ ಕಟ್ಟುವ ಸಂಭ್ರಮ.

ಆ ಸಂಭ್ರಮದ ಹಿಂದೆ ವರ್ಷವಿಡೀ ನಡೆಯುವ ಸಾಮು ಇದೆ. ನಸುಕಿನಲ್ಲಿಯೇ ದಂಡ, ಬಸ್ಕಿ, ಮಣ್ಣು ಅಗೆತ. ಮೈಯಿಂದ ಬೆವರು ಧಾರೆಯಾಗಿ ಇಳಿಯುವುದು. ಸಾಮು ಮುಗಿದ ಮೇಲೆ ಪೈಲ್ವಾನನ ಕೈಗೆ ಬರುವ ಸಾಂಪ್ರದಾಯಿಕ ಆಹಾರವೆಂದರೆ ಹಾಲು, ಬಾದಾಮಿ, ತುಪ್ಪ. ಕೈಯಲ್ಲಿ ಕಾಸಿಲ್ಲದವನಿಗೆ ಒಂದು ಹಿಡಿ ನೆನೆಗಡಲೆ, ಒಂದು ಚೂರು ಬೆಲ್ಲ. ಬಾದಾಮಿಯ ವೈಭವದ ಮುಂದೆ ಕಡಲೆಯು ಬಡವಾಗಿ ಕಾಣುವುದು ಸಹಜ. ಆದರೆ ಆ ಹಿಡಿಗಾಳಿನಲ್ಲಿ ಅಡಗಿರುವ ಹಿತವನ್ನು ಆಹಾರವಿಜ್ಞಾನವು ಈಗ ಲೆಕ್ಕವಿಟ್ಟು ತೋರಿಸುತ್ತದೆ.

ನೂರು ಗ್ರಾಂ ಒಣಗಡಲೆಯಲ್ಲಿ ಸುಮಾರು 20 ಗ್ರಾಂ ಸಸಾರಜನಕ ಇರುವುದನ್ನು ಬಲ್ಲವರು ಅನೇಕರು. ಅದು ನೀರನ್ನೂ ಹೊತ್ತು ತರುವುದೆಂಬುದನ್ನು ಗಮನಿಸಿದವರು ಕಡಿಮೆ. ರಾತ್ರಿ ನೆನೆಹಾಕಿದ ಕಡಲೆ ಬೆಳಗಿನ ಹೊತ್ತಿಗೆ ಹೆಚ್ಚುಕಡಿಮೆ ಎರಡರಷ್ಟು ತೂಗುವುದು. ಬೇಯಿಸಿದ ಕಾಳಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಅದರ ನಾರು ಈ ನೀರನ್ನು ಹಿಡಿದಿಟ್ಟುಕೊಂಡು ಕರುಳಿನಲ್ಲಿ ನಿಧಾನವಾಗಿ ಬಿಟ್ಟುಕೊಡುವುದು. ಕಾಳಿನ ಪಿಷ್ಟವೂ ತಡೆತಡೆದು ಜೀರ್ಣವಾಗಿ ಸ್ನಾಯುಗಳಲ್ಲಿ ಗ್ಲೈಕೋಜನ್ ಆಗಿ ಶೇಖರವಾಗುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು 3 ಗ್ರಾಂ ನೀರು ಸ್ನಾಯುವಿನಲ್ಲಿ ನಿಲ್ಲುವುದು. ಹೀಗೆ ಅನ್ನವೂ ನೀರೂ ಒಂದೇ ಉಗ್ರಾಣದಲ್ಲಿ ಸೇರುತ್ತವೆ.

ಬೆವರಿನೊಡನೆ ಹೋಗುವುದು ನೀರು ಮಾತ್ರವಲ್ಲ, ಉಪ್ಪೂ ಹೋಗುತ್ತದೆ. ಕಾಳುಗಳಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಅತ್ಯಲ್ಪ. ಈ ಕೊರತೆಯನ್ನು ತುಂಬುವುದು ಅಡಿಗೆಮನೆಯ ಉಪ್ಪು. ಕಾಳು ಬೇಯುವಾಗ ಪೊಟ್ಯಾಸಿಯಮ್ಮಿನ ಒಂದು ಪಾಲು ನೀರಿಗೆ ಇಳಿಯುವುದಷ್ಟೆ. ಆ ನೀರೇ ನಮ್ಮ ಹುರುಳಿಕಟ್ಟು. ಅದಕ್ಕೆ ಉಪ್ಪು, ಹುಳಿ, ಮೆಣಸು ಸೇರಿ ಸಾರಾದರೆ, ದಣಿದ ದೇಹಕ್ಕೆ ಬೇಕಾದ ನೀರು, ಲವಣ ಎರಡೂ ಒಂದೇ ಬಟ್ಟಲಲ್ಲಿ ದೊರೆತಂತಾಯಿತು. ಹಳೆ ಮೈಸೂರಿನ ರೈತನು ಹುರುಳಿ ಬಸ್ಸಾರಿನೊಡನೆ ಮುದ್ದೆಯುಂಡು ಬಿಸಿಲಿಗೆ ಇಳಿಯುವುದು ರುಚಿಗಾಗಿ ಮಾತ್ರವೇ ಅಲ್ಲ.

ನೀರಿನ ಮಾತು ಮಲ್ಲನಿಗೆ ಪ್ರಾಣದ ಮಾತು. ದೇಹದ ತೂಕದಲ್ಲಿ ನೂರಕ್ಕೆ 2ರಷ್ಟು ನೀರು ಕಳೆದರೂ ಕಸುವು ಕುಂದಬಹುದೆಂದು ತಜ್ಞರು ಹೇಳುತ್ತಾರೆ. ಮಟ್ಟಿಯ ಕುಸ್ತಿಯಿಂದ ಮ್ಯಾಟಿನ ಕುಸ್ತಿಗೆ ಹೋಗುವ ಹುಡುಗನು ತೂಕದ ತಕ್ಕಡಿಗೆ ಅಂಜಲೇಬೇಕು. ತೂಕ ಇಳಿಸಲೆಂದು ನೀರು ಬಿಟ್ಟು, ಬಿಸಿ ಕೋಣೆಯಲ್ಲಿ ಬೆವರು ಹರಿಸುವ ಹುಚ್ಚು ಸಾಹಸದಿಂದ 1997ರಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಒಂದೆರಡು ತಿಂಗಳೊಳಗೇ ಪ್ರಾಣ ಬಿಟ್ಟರು. 2024ರ ಆಗಸ್ಟ್ 7ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ವಿನೇಶ್ ಫೋಗಟ್ 50 ಕಿಲೋ ವಿಭಾಗದ ಅಂತಿಮ ಸ್ಪರ್ಧೆಯ ಹೊಸ್ತಿಲಲ್ಲಿ ಅನರ್ಹರಾದದ್ದು ಕೇವಲ 100 ಗ್ರಾಂ ತೂಕಕ್ಕಾಗಿ. ರಾತ್ರಿಯೆಲ್ಲ ಬೆವರಿಳಿಸಿ, ತಲೆಗೂದಲನ್ನೂ ಕತ್ತರಿಸಿಕೊಂಡ ಮೇಲೆಯೂ ಆ ನೂರು ಗ್ರಾಂ ಉಳಿದಿತ್ತು. ತೂಕವನ್ನು ವಾರಗಟ್ಟಲೆ ಮುಂಚಿನಿಂದ ಊಟದಲ್ಲಿಯೇ ಹದಕ್ಕೆ ತರುವುದು ವಿವೇಕ. ಹೊಟ್ಟೆ ತುಂಬಿಸಿಯೂ ಕೊಬ್ಬು ಬೆಳೆಸದ ಕಾಳುಗಳು ಅಲ್ಲಿ ನೆರವಿಗೆ ಬರುತ್ತವೆ.

ಹಾಗೆಂದು ಕಾಳು ತಿಂದವನಿಗೆ ನೀರು ಬೇಡವೆಂದಲ್ಲ. ನಾರು, ಸಸಾರಜನಕ ಹೆಚ್ಚಿದಷ್ಟೂ ನೀರಿನ ಅಗತ್ಯವೂ ಹೆಚ್ಚುವುದು. ಸಾಮಿನಲ್ಲಿ ಒಂದು ಕಿಲೋ ತೂಕ ಇಳಿದಿದ್ದರೆ ಸುಮಾರು ಒಂದೂವರೆ ಲೀಟರು ನೀರನ್ನು, ಒಂದೇ ಉಸಿರಿಗಲ್ಲ, ಕೆಲವು ಗಂಟೆಗಳಲ್ಲಿ ಕುಡಿಯಬೇಕು. ಅಖಾಡಕ್ಕಿಳಿಯುವ ಮುನ್ನ ಕಾಳು ತಿಂದವನಿಗೆ ಎದುರಾಳಿಗಿಂತ ಹೊಟ್ಟೆಯುಬ್ಬರವೇ ದೊಡ್ಡ ಶತ್ರುವಾದೀತು. ಆದುದರಿಂದ ಊಟಕ್ಕೂ ಸೆಣಸಿಗೂ ಮೂರು ನಾಲ್ಕು ಗಂಟೆಗಳ ಅಂತರ ಬೇಕು. ನೆನೆಹಾಕಿದ ನೀರನ್ನು ಚೆಲ್ಲಿದರೆ ವಾಯುಬಾಧೆ ಕಡಿಮೆ; ಬೇಯಿಸಿದ ನೀರನ್ನು ಮಾತ್ರ ಚೆಲ್ಲಬಾರದು. ಮೂತ್ರಪಿಂಡದ ಕಾಯಿಲೆಯುಳ್ಳವರು ವೈದ್ಯರನ್ನು ಕೇಳದೆ ಇಂಥ ಆಹಾರವನ್ನು ಹೆಚ್ಚಿಸಬಾರದು.

ಇಂದು ಗರಡಿಯ ಹುಡುಗನ ಮುಂದೆ ಅಂಗಡಿಯ ಪುಡಿಡಬ್ಬಿಯೂ ಇದೆ, ಬಣ್ಣದ ಪಾನೀಯವೂ ಇದೆ. ಕೂಲಿ ಮಾಡಿ ಸಾಮಿಗೆ ಬರುವವನಿಗೆ ಅವುಗಳ ಬೆಲೆ ಒಂದು ಹೊರೆ. ಡಬ್ಬಿಯಿಲ್ಲದೆ ಮೈ ಬೆಳೆಯದೆಂದು ನಂಬಿ ಅವನು ಮಟ್ಟಿಯನ್ನೇ ಬಿಟ್ಟರೆ, ನಷ್ಟವು ಅವನೊಬ್ಬನದಲ್ಲ. ನೂರಾರು ವರ್ಷಗಳ ಗರಡಿಗಳು ಹುಡುಗರಿಲ್ಲದೆ ಬಾಗಿಲು ಹಾಕಿಕೊಳ್ಳುವವು.

2016ನೆಯ ವರ್ಷವನ್ನು ವಿಶ್ವಸಂಸ್ಥೆಯು ದ್ವಿದಳ ಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಸಾರಿತು. ಮೈಸೂರಿನ ಬೀದಿಗಳು ಆ ಪಾಠವನ್ನು ಪ್ರತಿ ಚೈತ್ರದಲ್ಲಿಯೂ ಹೇಳಿಕೊಡುತ್ತ ಬಂದಿವೆ. ರಾಮನವಮಿಯ ಉರಿಬಿಸಿಲಿನಲ್ಲಿ ಪೆಂಡಾಲಿನ ಕೆಳಗೆ ದಾರಿಹೋಕರಿಗೆಲ್ಲ ಹಂಚುವುದು ನೆನೆದ ಹೆಸರುಬೇಳೆಗೆ ಸೌತೆಕಾಯಿ ಬೆರೆಸಿದ ಕೋಸಂಬರಿ, ಬೆಲ್ಲದ ಪಾನಕ, ಉಪ್ಪು ಹಾಕಿದ ನೀರುಮಜ್ಜಿಗೆ. ಓಟದ ಪಂದ್ಯಕ್ಕೆ ಮಕ್ಕಳನ್ನು ಕಳುಹಿಸುವ ತಾಯಂದಿರು ಇದಕ್ಕಿಂತ ಉತ್ತಮವಾದ ಬುತ್ತಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.