ಎರಡು ಬೆರಳು

ನಮ್ಮ ಪಾಠಯೋಜನೆಯ ನಮೂನೆಯಲ್ಲಿ ಎಲ್ಲದಕ್ಕೂ ಜಾಗವಿದೆ. ಕಲಿಕಾಂಶ, ಕಲಿಕಾ ಫಲ, ಬೋಧನೋಪಕರಣ, ಚಟುವಟಿಕೆ, ಕಪ್ಪುಹಲಗೆ ಸಾರಾಂಶ, ಮೌಲ್ಯಮಾಪನ, ಕೊನೆಗೆ ಮಾರ್ಗದರ್ಶಕರ ಸಹಿ. 40 ನಿಮಿಷವನ್ನು ಐದೈದು, ಎಂಟೆಂಟು ನಿಮಿಷಗಳ ಹೋಳು ಮಾಡಿ ಬರೆಯುತ್ತೇವೆ. ಆ 40 ನಿಮಿಷದ ನಡುವೆ ಶಿಕ್ಷಕಿಯೇ ಎದ್ದು ಹೊರಗೆ ಹೋಗಬೇಕಾಗಿ ಬಂದರೆ ಏನು ಎಂಬುದಕ್ಕೆ ಮಾತ್ರ ಕಾಲಂ ಇಲ್ಲ. ನನಗೆ ಆ ಕಾಲಂ ಬೇಕು.

ನನಗೆ ಅಲ್ಸರೇಟಿವ್ ಕೊಲೈಟಿಸ್ ಇದೆ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಶುರುವಾಯಿತು. ಮಲದಲ್ಲಿ ರಕ್ತ ಕಂಡಾಗ ಊರಿನ ವೈದ್ಯರೊಬ್ಬರು ಮೂಲವ್ಯಾಧಿ ಎಂದರು, ಇನ್ನೊಬ್ಬರು ಆಮಶಂಕೆ ಎಂದರು. ಎಂಟು ತಿಂಗಳು ಹೀಗೇ ಕಳೆದು, ಹಿಮೋಗ್ಲೋಬಿನ್ 7ಕ್ಕೆ ಇಳಿದ ಮೇಲೆ ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಕೊಲೊನೋಸ್ಕೋಪಿ ಆಯಿತು, ಹೆಸರು ಸಿಕ್ಕಿತು. ದೊಡ್ಡಕರುಳಿನ ಒಳಪದರದಲ್ಲಿ ಉರಿಯೂತ ಬಂದು ಹುಣ್ಣಾಗುವ ಕಾಯಿಲೆ ಇದು. ಗುದನಾಳದಲ್ಲಿ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕರುಳಿನ ಮೇಲೆ ತಿರುಗಿಬೀಳುತ್ತದೆ. ಯಾಕೆ ಹೀಗಾಗುತ್ತದೆ ಎಂದು ವೈದ್ಯವಿಜ್ಞಾನಕ್ಕೂ ಪೂರ್ತಿ ತಿಳಿದಿಲ್ಲ. ಅಂಟುಜಾಡ್ಯವಲ್ಲ. ಔಷಧಿಯಿಂದ ಹತೋಟಿಯಲ್ಲಿಡಬಹುದು, ಬುಡಸಮೇತ ಕೀಳಲಾಗದು. ತಿಂಗಳುಗಟ್ಟಲೆ ಸುಮ್ಮನಿರುತ್ತದೆ, ಒಂದು ದಿನ ಕೆರಳುತ್ತದೆ. ಕೆರಳಿದಾಗ ಬರುವ ನೋವನ್ನು ಸಹಿಸಬಹುದು, ಅವಸರವನ್ನು ಸಹಿಸುವುದು ಕಷ್ಟ. ಹೋಗಬೇಕು ಅನ್ನಿಸಿದರೆ ಹೋಗಲೇಬೇಕು, ಎರಡು ನಿಮಿಷ ತಡೆಯುವ ಮಾತೇ ಇಲ್ಲ.

ನಮ್ಮ ಭಾಷೆಯಲ್ಲಿ ಹೊಟ್ಟೆಗೆ ಬೇಕಾದಷ್ಟು ಮಾತಿದೆ. ಹೊಟ್ಟೆಪಾಡು, ಹೊಟ್ಟೆಕಿಚ್ಚು, ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದು. ಹೊಟ್ಟೆಯಿಂದ ಇನ್ನಷ್ಟು ಕೆಳಗಿಳಿದ ಕೂಡಲೇ ಮಾತು ನಿಂತುಹೋಗಿ ಎರಡು ಅಂಕಿ ಉಳಿಯುತ್ತವೆ: ಒಂದಕ್ಕೆ, ಎರಡಕ್ಕೆ. ಅಂಗನವಾಡಿಯಲ್ಲಿ ಕಲಿತ ಆ ಅಂಕಿಗಳಲ್ಲೇ ನಮ್ಮ ಜೀವನ ಸಾಗುತ್ತದೆ. ದೊಡ್ಡವರಾದ ಮೇಲೆ ಅದನ್ನೂ ಬಿಟ್ಟು “ಹೊಟ್ಟೆ ಸರಿಯಿಲ್ಲ” ಎನ್ನುತ್ತೇವೆ. ಆ ಮಾತಿನ ಹಿಂದೆ ನಾನು ಮೂರು ವರ್ಷ ಇದ್ದೆ. ಹಾಗೆ ಹೇಳಿದಾಗಲೆಲ್ಲ ಬರುವ ಪ್ರಶ್ನೆ ಒಂದೇ: “ಏನ್ ತಿಂದೆ?” ಅದರ ಬೆನ್ನಿಗೇ ಜೀರಿಗೆ ಕಷಾಯ, ಮೆಂತ್ಯ ನೆನೆಸಿದ ನೀರು, ಓಮ ಹಾಕಿದ ಮಜ್ಜಿಗೆ, ದಾಳಿಂಬೆ ಸಿಪ್ಪೆ. ಎಲ್ಲವೂ ಪ್ರೀತಿಯಿಂದಲೇ ಬರುತ್ತವೆ. ಆದರೆ ಕೇಳುವವರ ಲೆಕ್ಕದಲ್ಲಿ ಅದು ನಾನು ತಿಂದು ತಂದುಕೊಂಡ ಕಾಯಿಲೆ, ನಾಲ್ಕು ದಿನದಲ್ಲಿ ಹೋಗುವಂಥದ್ದು. ಐದನೆಯ ದಿನವೂ ಹೋಗದಿದ್ದರೆ ಅದು ಸೋಮಾರಿತನ.

ಬಿ.ಇಡಿ.ಗೆ ಸೇರುವವರೆಗೆ ಇದು ನಡೆಯಿತು. ಇಂಟರ್ನ್‌ಶಿಪ್‌ನಲ್ಲಿ ನಡೆಯುವಂತಿರಲಿಲ್ಲ. ಕಾಲೇಜಿನಲ್ಲಾದರೆ ಕೊನೆಯ ಬೆಂಚಿನಿಂದ ಸದ್ದಿಲ್ಲದೆ ಎದ್ದು ಹೋಗಬಹುದು. 52 ಮಕ್ಕಳು ಮುಖವನ್ನೇ ನೋಡುತ್ತಿರುವಾಗ, ಹಿಂದಿನ ಬೆಂಚಿನಲ್ಲಿ ಸಹಪಾಠಿ ಅವಲೋಕನ ಪಟ್ಟಿ ಹಿಡಿದು ಕೂತಿರುವಾಗ, ಯಾವಾಗ ಬೇಕಾದರೂ ಮಾರ್ಗದರ್ಶಕರು ಬಾಗಿಲಲ್ಲಿ ಕಾಣಿಸಿಕೊಳ್ಳುವಾಗ? ಅದೂ ಒಂದೆರಡು ದಿನವಲ್ಲ, 16 ವಾರ.

ಹೇಳುವುದು ಎಂದರೆ ಒಂದು ದಿನ ಧೈರ್ಯ ಮಾಡಿ ಎಲ್ಲರ ಮುಂದೆ ಹೇಳಿ ಮುಗಿಸುವುದು ಎಂದು ಸಿನಿಮಾದಲ್ಲಿ ತೋರಿಸುತ್ತಾರೆ. ನನ್ನ ಅನುಭವದಲ್ಲಿ ಅದು ಅಂಗಡಿಯ ಚೀಟಿ ಬರೆದ ಹಾಗೆ: ಯಾರಿಗೆ, ಎಷ್ಟು, ಯಾವಾಗ. ಮೊದಲು ಹೇಳಿದ್ದು ನಮ್ಮ ವಿಜ್ಞಾನ ಬೋಧನಾ ವಿಧಾನದ ಉಪನ್ಯಾಸಕರಿಗೆ. ಕಾಯಿಲೆಯ ಹೆಸರಿನಿಂದ ಶುರು ಮಾಡಿದೆ. ಅವರು ಗಾಬರಿಯಾದರು, “ಹಾಗಾದ್ರೆ ಈ ವರ್ಷ ಬಿಟ್ಟು ಮುಂದಿನ ವರ್ಷ ಇಂಟರ್ನ್‌ಶಿಪ್ ಮಾಡ್ತೀಯೇನಮ್ಮ?” ಎಂದರು. ಕಾಳಜಿಯಿಂದಲೇ ಕೇಳಿದ್ದು, ಆದರೆ ನನಗೆ ಬೇಕಾಗಿದ್ದು ರಜೆಯಲ್ಲ. ಶಾಲೆಯ ಮಾರ್ಗದರ್ಶಕ ಶಿಕ್ಷಕಿಯ ಹತ್ತಿರ ಕ್ರಮ ಬದಲಿಸಿದೆ. “ಮೇಡಂ, ಪಾಠದ ಮಧ್ಯೆ ಯಾವಾಗಲಾದರೂ ಐದು ನಿಮಿಷ ಹೊರಗೆ ಹೋಗಬೇಕಾಗಬಹುದು. ಆ ಐದು ನಿಮಿಷಕ್ಕೆ ಮಕ್ಕಳಿಗೆ ಒಂದು ಚಟುವಟಿಕೆ ಸಿದ್ಧವಾಗಿಟ್ಟಿರ್ತೀನಿ. ನನಗೆ ಬೇಕಾಗಿರೋದು ಶೌಚಾಲಯದ ಬೀಗದ ಕೈ, ಮತ್ತೆ ಸಾಧ್ಯವಾದರೆ ಮೊದಲನೇ ಅವಧಿ ಬೇಡ.” ಕಾರಣ ಆಮೇಲೆ ಹೇಳಿದೆ. ಅವರು ವೇಳಾಪಟ್ಟಿ ತೆಗೆದು ನೋಡಿದರು, ಮೊದಲನೇ ಅವಧಿಯನ್ನು ಮೂರನೆಯದಕ್ಕೆ ಬದಲಿಸಿದರು, “ಬೀಗದ ಕೈ ಆಫೀಸ್ ಗೋಡೇಲಿ ನೇತಾಡ್ತಿರುತ್ತೆ, ಕೇಳ್ಬೇಡಿ, ತಗೊಂಡು ಹೋಗಿ” ಎಂದರು. ಕಾಯಿಲೆಯ ಬಗ್ಗೆ ಅವತ್ತು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎರಡು ವಾರ ಕಳೆದು, ಮೌಲ್ಯಮಾಪನದ ಉತ್ತರಪತ್ರಿಕೆ ತಿದ್ದುತ್ತ ಕೂತಾಗ ತಾವಾಗಿ ಕೇಳಿದರು: “ನೋವಿರುತ್ತಾ?”

ಜೊತೆಯ ಪ್ರಶಿಕ್ಷಣಾರ್ಥಿಗಳು ಏಳು ಜನ. ಒಬ್ಬಳಿಗೆ ಪೂರ್ತಿ ಹೇಳಿದೆ. ಅವಳೂ ನಾನೂ ಒಂದು ಗುರುತು ಮಾಡಿಕೊಂಡೆವು: ನಾನು ಡಸ್ಟರನ್ನು ಮೇಜಿನ ಮೇಲೆ ಮಲಗಿಸದೆ ನೆಟ್ಟಗೆ ನಿಲ್ಲಿಸಿದರೆ ಅವಳು ಹಿಂದಿನ ಬೆಂಚಿನಿಂದ ಎದ್ದು ಬಂದು ಗುಂಪು ಚಟುವಟಿಕೆ ನಡೆಸಬೇಕು. 16 ವಾರದಲ್ಲಿ ಡಸ್ಟರ್ ನಿಂತದ್ದು ಮೂರು ಸಲ. ಮಿಕ್ಕವರಿಗೆ ಅರ್ಧ ಹೇಳಿದೆ. ಅದರಲ್ಲಿ ಒಬ್ಬರು ಆಮೇಲೆ ನನ್ನ ಡಬ್ಬಿಗೆ ಕೈಹಾಕುವುದನ್ನು ಬಿಟ್ಟರು. ಅಂಟುವುದಿಲ್ಲ ಎಂದು ಎರಡನೆಯ ಸಲ ಹೇಳಲು ನನಗೆ ಮನಸ್ಸಾಗಲಿಲ್ಲ. ಶಿಕ್ಷಕರ ಕೊಠಡಿಯಲ್ಲಿ ಹಿರಿಯರೊಬ್ಬರು, “ಇಂಥ ಆರೋಗ್ಯ ಇಟ್ಕೊಂಡು ಈ ಕೆಲಸ ಯಾಕಮ್ಮ? ನಾಳೆ ದಿನ ಯಾವ ಹಳ್ಳಿಗೆ ಹಾಕ್ತಾರೋ ಏನೋ” ಎಂದರು. ಬೇಜಾರಾಯಿತು. ಆದರೆ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಬೆಳಿಗ್ಗೆ ಏಳೂವರೆಯ ಕೆಂಪು ಬಸ್ಸಿನಲ್ಲಿ ಒಂದೂಕಾಲು ಗಂಟೆ ಹೋಗಬೇಕಾದ ದಿನ ನಾನು ತಿಂಡಿ ತಿನ್ನುವುದಿಲ್ಲ. ನಿಯೋಜನೆಯ ಊರು ಎಷ್ಟು ದೂರ ಎನ್ನುವುದು ಬೇರೆಯವರಿಗೆ ಬಾಡಿಗೆಯ ಪ್ರಶ್ನೆ, ನನಗೆ ಕರುಳಿನದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳ ಪಟ್ಟಿಯಿದೆ. ಅದರಲ್ಲಿ ನನ್ನ ಕಾಯಿಲೆಯ ಹೆಸರಿಲ್ಲ. ಕಾಣದ ಕಾಯಿಲೆಯವರು ಬಾಯಿಬಿಟ್ಟು ಹೇಳಿಯೇ ಕೆಲಸ ಮಾಡಿಸಿಕೊಳ್ಳಬೇಕು.

ಮಕ್ಕಳಿಗೆ ಹೇಳುವ ಯೋಚನೆ ಇರಲಿಲ್ಲ. ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಅಧ್ಯಾಯ ನನ್ನ ಪಾಲಿಗೆ ಬಂತು. ಆ ಪಾಠದಲ್ಲಿ ಜಠರಕ್ಕೆ, ಸಣ್ಣಕರುಳಿಗೆ ಸಾಕಷ್ಟು ಜಾಗವಿದೆ. ದೊಡ್ಡಕರುಳಿಗೆ ಬರುವಷ್ಟರಲ್ಲಿ ಎರಡು ಮೂರು ವಾಕ್ಯ: ನೀರು ಹೀರುತ್ತದೆ, ಉಳಿದದ್ದು ಗುದದ್ವಾರದಿಂದ ಹೊರಹೋಗುತ್ತದೆ. ನಾನು ಅವಲೋಕಿಸಿದ ಪಾಠಗಳಲ್ಲಿ ಆ ವಾಕ್ಯ ಬಂದಾಗ ಶಿಕ್ಷಕರ ದನಿ ತಗ್ಗುತ್ತಿತ್ತು, ಹಿಂದಿನ ಬೆಂಚು ನಗುತ್ತಿತ್ತು. ಒಬ್ಬರಂತೂ “ಮುಂದಿನದು ಮನೇಲಿ ಓದ್ಕೊಳ್ಳಿ” ಎಂದು ಪುಟ ಮಗುಚಿದರು. ಒಂದೂವರೆ ಮೀಟರ್ ಕರುಳನ್ನು ಹೀಗೆ ಮಗುಚಿದರೆ ಅದರ ಕಾಯಿಲೆ ಬಂದವರು ವೈದ್ಯರ ಮುಂದೆ ಯಾವ ಮಾತಿನಲ್ಲಿ ಹೇಳಬೇಕು? ಎಂಟು ತಿಂಗಳು ನಾನು ಕಳೆದದ್ದರಲ್ಲಿ ಸ್ವಲ್ಪ ಪಾಲು, ಬಣ್ಣವೇನು, ದಿನಕ್ಕೆಷ್ಟು ಸಲ ಎಂದು ಕೇಳಿದರೆ ತಲೆ ತಗ್ಗಿಸುವ ಈ ಅಭ್ಯಾಸದ್ದೂ ಇರಬೇಕು.

ಪಾಠವನ್ನು ಒಂದು ಕಥೆಯಿಂದ ಶುರು ಮಾಡಿದೆ. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ತುಪ್ಪಳದ ವ್ಯಾಪಾರದಲ್ಲಿ ದುಡಿಯುತ್ತಿದ್ದ ಕೂಲಿ ಅವನು. ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್ ಆರೈಕೆ ಮಾಡಿದ, ಇವನು ಬದುಕಿದ. ಆದರೆ ಜಠರಕ್ಕೆ ಬಿದ್ದ ತೂತು ಮುಚ್ಚಲಿಲ್ಲ. ಬ್ಯೂಮಾಂಟ್ ಮಾಂಸದ ಚೂರು, ಬ್ರೆಡ್ಡು, ಎಲೆಕೋಸನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನೊಳಗೆ ಇಳಿಬಿಟ್ಟು, ಹೊತ್ತುಹೊತ್ತಿಗೆ ಎಳೆದು ನೋಡುತ್ತಿದ್ದ. ಜಠರರಸವನ್ನು ಹೊರತೆಗೆದು ಗಾಜಿನ ಪಾತ್ರೆಯಲ್ಲಿಟ್ಟರೂ ಅದು ಮಾಂಸವನ್ನು ಕರಗಿಸುತ್ತದೆ ಎಂದು ಕಂಡುಕೊಂಡ. 200ಕ್ಕೂ ಹೆಚ್ಚು ಪ್ರಯೋಗ ಮಾಡಿ 1833ರಲ್ಲಿ ಪುಸ್ತಕ ಬರೆದ. ಜೀರ್ಣಕ್ರಿಯೆಯಲ್ಲಿ ರಾಸಾಯನಿಕ ಕೆಲಸ ನಡೆಯುತ್ತದೆ ಎಂದು ಗಟ್ಟಿಯಾಗಿ ಹೇಳಲು ಸಾಧ್ಯವಾದದ್ದು ಹೀಗೆ. ಮಕ್ಕಳು ಬಾಯಿ ಬಿಟ್ಟು ಕೇಳಿದರು. ಹೈಡ್ರೋಕ್ಲೋರಿಕ್ ಆಮ್ಲ, ಪೆಪ್ಸಿನ್‌ಗೆ ಹೋಗಬೇಕು ಎನ್ನುವಷ್ಟರಲ್ಲಿ ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಅವನಿಗೆ ನಾಚಿಕೆ ಆಗ್ತಿರ್ಲಿಲ್ವಾ ಮಿಸ್?”

ಪಾಠಯೋಜನೆಯಲ್ಲಿ ನಿರೀಕ್ಷಿತ ಪ್ರಶ್ನೆಗಳು ಎಂದು ಐದು ಬರೆದಿದ್ದೆ. ಇದು ಇರಲಿಲ್ಲ. ಗೊತ್ತಿದ್ದಷ್ಟು ಹೇಳಿದೆ: ಅವನು ಬಡವ, ಸಂಬಳಕ್ಕಾಗಿ ಕರಾರಿಗೆ ಒಪ್ಪಿದ, ನಡುವೆ ಬಿಟ್ಟು ತನ್ನ ಊರಿಗೆ ಕೆನಡಾಕ್ಕೆ ಹೋದ, ಮತ್ತೆ ಬಂದ, 1880ರಲ್ಲಿ ತೀರಿಕೊಂಡ. ಅವನ ಹೊಟ್ಟೆಯ ಬಗ್ಗೆ ಲೋಕಕ್ಕೆಲ್ಲ ಹೇಳಿದ್ದು ವೈದ್ಯ, ಅವನಲ್ಲ. ಹಾಗೆನ್ನುತ್ತಿರುವಾಗಲೇ, ಇಷ್ಟೆಲ್ಲ ಇನ್ನೊಬ್ಬರ ಹೊಟ್ಟೆಯ ಕಥೆ ಹೇಳುತ್ತಿದ್ದೇನಲ್ಲ ಅನ್ನಿಸಿತು. “ನನ್ನ ದೊಡ್ಡಕರುಳಲ್ಲೂ ಹುಣ್ಣಿದೆ. ಅದಕ್ಕೇ ಒಂದೊಂದು ಸಲ ಪಾಠ ಬಿಟ್ಟು ಓಡ್ತೀನಿ. ನಾಚಿಕೆ ಆಗ್ತಿತ್ತು. ಈಗ ಸ್ವಲ್ಪ ಕಡಿಮೆ” ಎಂದೆ.

ತರಗತಿ ನಿಶ್ಶಬ್ದವಾಗಲಿಲ್ಲ. ಪ್ರಶ್ನೆಗಳು ಬಂದವು. ಅಂಟುತ್ತಾ ಮಿಸ್? ಖಾರ ತಿಂದ್ರೆ ಬರುತ್ತಾ? ಆಪರೇಷನ್ ಮಾಡ್ಸಿದ್ರೆ ಹೋಗಲ್ವಾ? “ನಮ್ಮಜ್ಜಿಗೂ ಹೊಟ್ಟೆ ಹುಣ್ಣಿತ್ತು” ಎಂದ ಒಬ್ಬ. ಅದು ಬೇರೆ, ಜಠರದ ಹುಣ್ಣು, ಬಹಳಷ್ಟು ಸಲ ಅದಕ್ಕೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣ ಎಂದೆ. ಅದನ್ನು ತೋರಿಸಲು ಬ್ಯಾರಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನೇ ಕುಡಿದದ್ದು, 2005ರಲ್ಲಿ ರಾಬಿನ್ ವಾರನ್ ಜೊತೆ ನೊಬೆಲ್ ಪಡೆದದ್ದು ಮಾರನೆಯ ದಿನದ ಕಥೆಯಾಯಿತು. ದೊಡ್ಡಕರುಳಿನ ವಾಕ್ಯ ಬಂದಾಗ ಗುದದ್ವಾರ ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ದಪ್ಪಗೆ ಬರೆದೆ. ನಗು ಬಂತು. ನಾನೂ ನಕ್ಕೆ. ಎಲ್ಲರೂ ನೋಟ್ಸಿಗೆ ಬರೆದುಕೊಂಡರು. ಅವತ್ತು ಹಿಂದೆ ಕೂತಿದ್ದ ಮೇಲ್ವಿಚಾರಕರ ಷರಾ: “ಪೀಠಿಕೆ ಉತ್ತಮ. ವಿಷಯಾಂತರ – 6 ನಿಮಿಷ.” ಒಂದು ವಾರ ಇಬ್ಬರು ಹುಡುಗರು ಮೈದಾನದಲ್ಲಿ ಹೊಟ್ಟೆ ಹಿಡಿದು ಓಡುವ ನನ್ನ ನಡಿಗೆಯನ್ನು ಅಣಕಿಸಿದ್ದೂ ಉಂಟು. ಚೆನ್ನಾಗಿಯೇ ಮಾಡುತ್ತಿದ್ದರು.

ಹೇಳಿದ ಮೇಲೆ ನನ್ನ ಕಣ್ಣಿಗೆ ಬೀಳತೊಡಗಿದ್ದು ಮಕ್ಕಳ ಬೆರಳು. ಕಿರುಬೆರಳು ಎತ್ತಿದವರಿಗೆ ಅನುಮತಿ ಬೇಗ ಸಿಗುತ್ತದೆ. ಎರಡು ಬೆರಳು ಎತ್ತಲು ಪ್ರೌಢಶಾಲೆಯ ಮಗು ಎಷ್ಟು ಹಿಂಜರಿಯುತ್ತದೆ ಎಂದರೆ, ಎತ್ತಿದ ಮೇಲೂ “ಈಗ ತಾನೇ ಬಿಟ್ಟಿತ್ತಲ್ಲ, ಕೂತ್ಕೋ” ಎಂದರೆ ಎರಡನೆಯ ಸಲ ಎತ್ತುವುದಿಲ್ಲ. ಕೆಲವು ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯದೆ ಇರುತ್ತಾರೆ, ನಾನು ತಿಂಡಿ ಬಿಡುವ ಹಾಗೆ. 2019ರಲ್ಲಿ ಕೇರಳದಲ್ಲಿ ಶುರುವಾಗಿ ನಮ್ಮಲ್ಲಿಗೂ ಬಂದ ನೀರಿನ ಗಂಟೆ ಒಳ್ಳೆಯದೇ. ಕುಡಿದ ಮೇಲೆ ಹೋಗುವ ಜಾಗಕ್ಕೆ ಬೀಗ ಹಾಕಿದ್ದರೆ ಗಂಟೆ ಹೊಡೆದು ಏನು ಮಾಡುವುದು? ಮುಖ್ಯ ಶಿಕ್ಷಕರ ಬಳಿ ಹೋಗಿ ಮಾತಾಡಿದೆ. ಸಂಜೆ ಹೊರಗಿನವರು ಬಂದು ಗಲೀಜು ಮಾಡುತ್ತಾರೆ ಎಂಬ ಅವರ ಕಾರಣ ಸುಳ್ಳಲ್ಲ. ಪ್ರಾರ್ಥನೆಗೆ ಮೊದಲು ತೆಗೆದು, ಕೊನೆಯ ಗಂಟೆಯ ನಂತರ ಬೀಗ ಹಾಕುವುದು ಎಂದಾಯಿತು. ನನ್ನ ತರಗತಿಯಲ್ಲಿ ಬಾಗಿಲ ಬಳಿ ಒಂದು ಮರದ ಪಟ್ಟಿ ನೇತುಹಾಕಿದೆ. ಹೋಗುವವರು ಅದನ್ನು ತೆಗೆದುಕೊಂಡು ಹೋಗಬೇಕು, ಕೇಳಬೇಕಾಗಿಲ್ಲ, ಬೆರಳು ಎತ್ತಬೇಕಾಗಿಲ್ಲ. ದುರುಪಯೋಗ ಆಗಲಿಲ್ಲವೇ ಎಂದರೆ, ಆಯಿತು. ಒಬ್ಬ ಪ್ರತಿದಿನ ನನ್ನ ಅವಧಿಯಲ್ಲೇ ಪಟ್ಟಿ ಹಿಡಿದು ಹೋಗಿ ಬೇಲದ ಮರದ ಕೆಳಗೆ ನಿಲ್ಲುತ್ತಿದ್ದ. ಅವನನ್ನು ಕರೆದು ಮಾತಾಡಿದೆ. ಉಳಿದ 51 ಜನರಿಂದ ಪಟ್ಟಿ ಕಿತ್ತುಕೊಳ್ಳಲು ಅದು ಸಾಕಾಗುವ ಕಾರಣವಲ್ಲ.

ಪ್ರಾಯೋಗಿಕ ಪರೀಕ್ಷೆಯ ಪಾಠದ ದಿನ ಬಾಹ್ಯ ಪರೀಕ್ಷಕರಿಗೆ ನಾನು ಏನನ್ನೂ ಹೇಳಲಿಲ್ಲ. ಅವರು ನೋಡಬೇಕಾದದ್ದು ಪಾಠ. ಡಸ್ಟರ್ ಮೇಜಿನ ಮೇಲೆ ಮಲಗಿಯೇ ಇತ್ತು.

ಇನ್ನು ಅಮ್ಮ. “ಊರಿಗೆಲ್ಲ ಯಾಕೆ ಸಾರ್ಬೇಕು ಕಣೆ, ನಾಳೆ ಸಂಬಂಧ ಬರೋದು ಹೇಗೆ?” ಎಂದು ಅವರು ಮೊದಲಿನಿಂದಲೂ ಹೇಳುತ್ತಿದ್ದರು. ಮನೆಗೆ ಬಂದವರ ಎದುರು ಮೆಸಲಮೈನ್ ಮಾತ್ರೆಯ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿ ಒಳಗಿಟ್ಟುಬರುತ್ತಿದ್ದರು. ಸ್ಟೀರಾಯ್ಡ್‌ನಿಂದ ನನ್ನ ಮುಖ ಊದಿಕೊಂಡಿದ್ದ ತಿಂಗಳು “ಹಾಸ್ಟೆಲ್ ಊಟ ಹಿಡಿಸಿದೆ” ಎಂದು ನೆಂಟರಿಗೆ ಹೇಳಿದ್ದರು. ಅವರ ಭಯ ನನಗೆ ಅರ್ಥವಾಗುತ್ತದೆ. ಮದುವೆಯ ಮಾತಿನಲ್ಲಿ ಹುಡುಗಿಯ ಕರುಳಿಗೂ ಲೆಕ್ಕ ಹಾಕುವವರಿದ್ದಾರೆ. ಹತ್ತನೆಯ ತರಗತಿಯ ಕಥೆಯನ್ನು ಹೇಳಿದಾಗ ಅವರು ಬಹಳ ಹೊತ್ತು ಸೊಪ್ಪು ಬಿಡಿಸುತ್ತ ಕೂತಿದ್ದರು.

ಬರುವ ಭಾನುವಾರ ತಿಪಟೂರಿನ ಕಡೆಯವರು ನೋಡಲು ಬರುತ್ತಾರೆ. ಮೊನ್ನೆ ಫೋನಿನಲ್ಲಿ ಅಮ್ಮನೇ ಕೇಳಿದರು: “ಕಾಫಿ ಕೊಟ್ಟ ಮೇಲೆ ಹೇಳ್ತೀಯೋ, ಮೊದಲೇ ಹೇಳ್ತೀಯೋ?” ಕಾಫಿಗೆ ಮೊದಲು ಎಂದೆ.