ಬೆಲ್ಟಿನ ಮೇಲೆ ಸುಳ್ಳು ಆಪಾದನೆ

ಹಳೆಯ ಅಂಬಾಸಿಡರ್ ಇಟ್ಟುಕೊಂಡ ನಮ್ಮಂಥವರ ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ ಒಂದು ಫ್ಯಾನ್ ಬೆಲ್ಟೂ ಇರುತ್ತದೆ. ಮುಂಜಾಗ್ರತೆ ಒಳ್ಳೆಯದೇ. ಆದರೆ ಹಾಕಿದ ಬೆಲ್ಟು ಕೆಲವೇ ತಿಂಗಳಲ್ಲಿ ಹರಿದು, ಡಿಕ್ಕಿಯದು ಎಂಜಿನ್ನಿಗೆ ಬಂದು, ಡಿಕ್ಕಿಗೆ ಇನ್ನೊಂದು ಕೊಳ್ಳುವಂತಾದರೆ ಕಾಯಿಲೆಗೆ ಒಗ್ಗಿಹೋಗಿದ್ದೇವೆ ಎಂದೇ ಅರ್ಥ. ಗ್ಯಾರೇಜಿನಲ್ಲಿ ಕೇಳಿದರೆ ‘ಹಳೇ ಗಾಡಿ ಅಲ್ವಾ ಸಾರ್’ ಎನ್ನುತ್ತಾರೆ. ವಯಸ್ಸಾದವರಿಗೆ ಡಾಕ್ಟರೂ ಇದನ್ನೇ ಹೇಳುವುದು. ನನಗೆ ಈ ಉತ್ತರ ಒಪ್ಪಿಗೆಯಿಲ್ಲ. ಬೆಲ್ಟು ಪದೇ ಪದೇ ಸವೆಯುತ್ತಿದ್ದರೆ ತಪ್ಪು ಬಹುಮಟ್ಟಿಗೆ ಬೇರೆ ಕಡೆ ಇರುತ್ತದೆ, ಎಲ್ಲಿ ಎಂಬುದನ್ನು ಬಿಚ್ಚಿ ಎಸೆದ ಬೆಲ್ಟೇ ಹೇಳುತ್ತದೆ.

ಹಿಟ್ಟಿನ ಗಿರಣಿಗಳಲ್ಲಿ ಓಡುವ ಅಗಲವಾದ ಚಪ್ಪಟೆ ಪಟ್ಟಾ ಚಕ್ರವನ್ನು ಹಿಡಿಯುವುದು ತನ್ನ ಒಳಮೈಯಿಂದ. ಅಮೆರಿಕದ ಡೆನ್ವರ್‌ನಲ್ಲಿ ಜಾನ್ ಗೇಟ್ಸ್ 1917ರಲ್ಲಿ ರೂಪಿಸಿದ ರಬ್ಬರಿನ ‘ವಿ’ ಬೆಲ್ಟಿನ ಜಾಣತನವೇ ಬೇರೆ. ಅದು ಪುಲ್ಲಿಯ ತೋಡಿನಲ್ಲಿ ಬೆಣೆಯಂತೆ ಕೂತು ಎರಡು ಪಕ್ಕೆಗಳಿಂದ ಹಿಡಿಯುತ್ತದೆ. ಬೆಲ್ಟಿನ ತಳ ತೋಡಿನ ತಳಕ್ಕೆ ತಾಗಲೇಬಾರದು. ಹೀಗಾಗಿ ಸವೆದ ಬೆಲ್ಟಿನ ತಳ ಮಿರಮಿರ ಮಿಂಚುತ್ತಿದ್ದರೆ ಪುಲ್ಲಿಯ ತೋಡೇ ಸವೆದುಹೋಗಿದೆ, ಇಲ್ಲವೇ ಅಳತೆ ತಪ್ಪಿದ ಬೆಲ್ಟು ಬಿದ್ದಿದೆ. ಎರಡೂ ಪಕ್ಕೆ ಗಾಜಿನಂತೆ ನುಣುಪಾಗಿದ್ದರೆ ಬೆಲ್ಟು ಜಾರುತ್ತಿದೆ: ಸಡಿಲವಿರಬೇಕು. ಮೆತ್ತಗೆ ಉಬ್ಬಿದ್ದರೆ ಎಲ್ಲೋ ಎಣ್ಣೆ ಸೋರುತ್ತಿದೆ. ಒಂದೇ ಪಕ್ಕೆಯ ನೂಲು ಎದ್ದು ಬಂದಿದ್ದರೆ ಕ್ರ್ಯಾಂಕ್, ವಾಟರ್ ಪಂಪ್, ಡೈನಮೋ ಈ ಮೂರರ ಪುಲ್ಲಿಗಳು ಒಂದೇ ನೇರದಲ್ಲಿಲ್ಲ. ಡೈನಮೋ ತೆಗೆದು ಆಲ್ಟರ್ನೇಟರ್ ಕೂರಿಸಿದ ಗಾಡಿಗಳಲ್ಲಿ ನಾನು ಮೊದಲು ಅನುಮಾನಿಸುವುದು ಇದನ್ನೇ. ಬೇರೊಂದು ಗಾಡಿಗೆಂದು ಮಾಡಿದ ಬ್ರಾಕೆಟ್ಟಿಗೆ ವಾಷರ್ ತುರುಕಿ ಹೇಗೋ ಹೊಂದಿಸಿರುತ್ತಾರೆ. ಕಣ್ಣಿಗೆ ನೇರವಾಗಿಯೇ ಕಾಣುತ್ತದೆ, ಉಕ್ಕಿನ ಸ್ಕೇಲು ಇಟ್ಟರೆ ಓರೆ ಗೊತ್ತಾಗುತ್ತದೆ. ಬೆಲ್ಟು ಕಳಚಿ ಪುಲ್ಲಿಯನ್ನು ಕೈಯಲ್ಲಿ ಅಲುಗಾಡಿಸಿದರೆ ಬೇರಿಂಗ್ ಪ್ಲೇ ಕೂಡ ಅಲ್ಲೇ ತಿಳಿಯುತ್ತದೆ.

ಉತ್ತರಪಾರಾದ ಕಾರ್ಖಾನೆ 2014ರಲ್ಲೇ ಅಂಬಾಸಿಡರ್ ತಯಾರಿಕೆ ನಿಲ್ಲಿಸಿತು, ಈಗ ಸಿಗುವುದೆಲ್ಲ ಡೂಪ್ಲಿಕೇಟ್ ಮಾಲು, ಅದಕ್ಕೇ ಹೀಗೆ ಎನ್ನುವವರಿದ್ದಾರೆ. ಕಳಪೆ ಮಾಲು ಇರುವುದು ನಿಜ. ಆದರೆ ಕಳಪೆ ರಬ್ಬರು ಸುತ್ತಲೂ ಬಿರುಕು ಬಿಡುತ್ತದೆ. ಆರಿಸಿಕೊಂಡು ಎಡಪಕ್ಕೆಯನ್ನಷ್ಟೇ ಸವೆಸಿಕೊಳ್ಳುವ ಬುದ್ಧಿ ಅದಕ್ಕಿಲ್ಲ. ಇನ್ನು ಕೆಲವರ ಮದ್ದು, ಕಿರುಗುಟ್ಟಿದರೆ ಇನ್ನಷ್ಟು ಬಿಗಿ ಮಾಡುವುದು. ಎರಡು ಪುಲ್ಲಿಗಳ ನಡುವೆ ಬೆಲ್ಟು ಉದ್ದವಾಗಿರುವ ಕಡೆ, ಅದರ ಮಧ್ಯದಲ್ಲಿ ಹೆಬ್ಬೆರಳಿಂದ ಒತ್ತಿದರೆ ಸುಮಾರು ಅರ್ಧ ಇಂಚು ಬಗ್ಗಬೇಕು. ಅದಕ್ಕಿಂತ ಬಿಗಿದರೆ ಶಬ್ದವೇನೋ ನಿಂತೀತು, ಭಾರವೆಲ್ಲ ಬೇರಿಂಗಿನ ಮೇಲೆ ಬಿದ್ದು ಅದೂ ಸಡಿಲವಾಗಿ, ಪುಲ್ಲಿ ಓಲಾಡಿ, ಮುಂದಿನ ಬೆಲ್ಟು ಇನ್ನೂ ಬೇಗ ಹೋಗುತ್ತದೆ. ಅಗ್ಗದ ಸಾಮಾನು, ಹೋದಾಗ ಹಾಕಿಕೊಂಡರಾಯಿತು ಎಂಬ ಮಾತಿಗೆ ಲೆಕ್ಕದಲ್ಲಿ ಸ್ವಲ್ಪ ಬಲವಿದೆ. ಆದರೆ ಈ ಗಾಡಿಯಲ್ಲಿ ಡೈನಮೋ ತಿರುಗಿಸುವುದೂ ನೀರು ತಿರುಗಿಸುವುದೂ ಒಂದೇ ಬೆಲ್ಟು. ಘಾಟಿಯಲ್ಲಿ ಅದು ಹರಿದು, ಕೆಂಪು ದೀಪ ಹತ್ತಿದ್ದನ್ನು ನೋಡದೆ ಇನ್ನಷ್ಟು ದೂರ ಓಡಿಸಿದರೆ ಹೆಡ್ ಗ್ಯಾಸ್ಕೆಟ್ಟಿನ ಖರ್ಚು ಬರುತ್ತದೆ.

ಆದ್ದರಿಂದ ಮುಂದಿನ ಸಲ ಬೆಲ್ಟು ಬದಲಿಸುವಾಗ ಹಳೆಯದನ್ನು ಮೂಲೆಗೆಸೆಯಲು ಬಿಡಬೇಡಿ. ಕೈಗೆ ತೆಗೆದುಕೊಂಡು, ಮಗುಚಿ, ಎರಡೂ ಪಕ್ಕೆ ನೋಡಿ. ಪುಲ್ಲಿಗಳ ಮೇಲೆ ಸ್ಕೇಲು ಇಟ್ಟ ಮೇಲೆಯೇ ಹೊಸದನ್ನು ಹಾಕಲು ಮೆಕ್ಯಾನಿಕ್‌ಗೆ ಹೇಳಿ.