ಕಾರವಾರದಲ್ಲಿ ನೋಡಿದ್ದು, ನೋಡೋಕೆ ಆಗದಿದ್ದು

ಬೆಂಗಳೂರಿನವರಿಗೆ ಕಾರವಾರ ಅಂದ್ರೆ ಗೋವಾಕ್ಕೆ ಹೋಗುವಾಗ ನಿದ್ದೆಯಲ್ಲಿ ದಾಟುವ ಊರು. ನಮ್ಮ ಕ್ಲಾಸಿನಲ್ಲೇ ಗೋವಾಕ್ಕೆ ಮೂರು ಸಲ ಹೋಗಿ ಬಂದವರಿದ್ದಾರೆ, ಕಾರವಾರದಲ್ಲಿ ಇಳಿದವರು ಒಬ್ಬರೂ ಇಲ್ಲ. ನಾನೂ ಇಳೀತಿರಲಿಲ್ಲವೇನೋ. ಆದರೆ ನನ್ನ ಬೆಂಚ್‌ಮೇಟ್ ಆ ಕಡೆಯವನು. ಮೂರನೇ ಸೆಮ್‌ನ ಕೊನೇ ಪರೀಕ್ಷೆ ಮುಗಿದ ದಿನ ಕ್ಯಾಂಟೀನಲ್ಲಿ ಕೂತು, "ಬಾರೋ, ನಮ್ಮೂರಿಗೆ ಹೋಗಿ ಬರೋಣ. ಹಡಗು ತೋರಿಸ್ತೇನೆ, ವಿಮಾನ ತೋರಿಸ್ತೇನೆ, ಮೀನು ತಿನ್ನಿಸ್ತೇನೆ" ಅಂದ. ಮೂರನೆಯದಕ್ಕೆ ಒಪ್ಪಿಕೊಂಡೆ.

ಹೋಗೋಕೆ ಮುಂಚೆ ನಾನೆಲ್ಲಿಯವನು ಅಂತ ಸ್ವಲ್ಪ ಹೇಳಬೇಕು. ನಮ್ಮ ಮನೆ ಜೋಗುಪಾಳ್ಯದಲ್ಲಿ. ಹಲಸೂರು ಕೆರೆಗೆ ನಡ್ಕೊಂಡು ಹೋಗಬಹುದು, ಎಂಇಜಿ ಗೋಡೆಗೂ ನಡ್ಕೊಂಡು ಹೋಗಬಹುದು. ಎಂಇಜಿ ಅಂದ್ರೆ ಮದ್ರಾಸ್ ಎಂಜಿನಿಯರ್ ಗ್ರೂಪ್, 1780ರಿಂದ ಇರುವ ಪಡೆ. ಅಲ್ಲಿನ ಸೈನಿಕರಿಗೆ 'ತಂಬಿ'ಗಳು ಅಂತಾನೇ ಹೆಸರು. ನಮ್ಮ ತಾತ ಮಿಲಿಟರಿ ಟೈಲರ್ ಆಗಿದ್ದರು. ಹಲಸೂರಿನ ಒಂದು ಸಣ್ಣ ಅಂಗಡೀಲಿ ಕೂತು ನಲವತ್ತು ವರ್ಷ ತಂಬಿಗಳ ಪ್ಯಾಂಟು, ಶರ್ಟು, ಭುಜದ ಪಟ್ಟಿ ಹೊಲಿದರು. ಕಣ್ಣಿಗೆ ಪೊರೆ ಬಂದ ಮೇಲೂ ಬಟ್ಟೆ ಮುಟ್ಟಿ ಇದು ಆಫೀಸರ್ ಬಟ್ಟೆ, ಇದು ಜವಾನಂದು ಅಂತ ಹೇಳ್ತಿದ್ದರು. ಕೆಂಪೇಗೌಡರ ನಾಲ್ಕು ಗೋಪುರಗಳಲ್ಲಿ ಒಂದು ಆ ಎಂಇಜಿ ಕಾಂಪೌಂಡ್ ಒಳಗಿದೆ. ಹತ್ತೊಂಬತ್ತು ವರ್ಷದಿಂದ ಅದರ ಪಕ್ಕದಲ್ಲೇ ಇದೀನಿ, ಹತ್ತಿರ ಹೋಗಿ ಒಂದು ಸಲವೂ ನೋಡಿಲ್ಲ. ಅದಕ್ಕೆ ಬೇಜಾರೂ ಆಗಿರಲಿಲ್ಲ. ಸೈನ್ಯದ ಗೋಡೆ ಅಂದ್ರೆ ನನಗೆ ಮಳೆ, ಬಿಸಿಲಿನ ಹಾಗೆ, ಅದು ಇರುತ್ತೆ ಅಷ್ಟೆ. ಆ ಗೋಡೆ ಕೊಟ್ಟ ಅನ್ನ ತಿಂದು ಬೆಳೆದ ಮನೆ ನಮ್ಮದು.

ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದ್ವಿ. ಘಾಟಿ ಕತ್ತಲಲ್ಲೇ ಹೋಯ್ತು, ಎಚ್ಚರ ಆದಾಗ ಕಿಟಕಿ ಆಚೆ ಗದ್ದೆ, ತೆಂಗು, ಮತ್ತೆ ಒಂದು ಸುರಂಗ, ಮತ್ತೆ ತೆಂಗು. ಕಾರವಾರ ಸ್ಟೇಷನ್ ಊರಿಂದ ಸ್ವಲ್ಪ ದೂರ ಇದೆ. ಆಟೋದವರ ಹತ್ತಿರ ಗೆಳೆಯ ಕೊಂಕಣಿಯಲ್ಲಿ ಚೌಕಾಸಿ ಮಾಡಿದ. ಎರಡು ವರ್ಷದಿಂದ ಪಕ್ಕದಲ್ಲಿ ಕೂತವನ ಬಾಯಲ್ಲಿ ಕೊಂಕಣಿ ಕೇಳಿದ್ದು ಅದೇ ಮೊದಲು. ದನಿಯೇ ಬೇರೆ ಥರ ಇತ್ತು, ಸ್ವಲ್ಪ ಜೋರು.

ಕಾರವಾರದ ಬೀಚಿಗೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಯಾಕೆ ಅಂತ ನನಗೂ ಆಶ್ಚರ್ಯ ಆಗಿತ್ತು. ಅವರ ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ಜಡ್ಜ್ ಆಗಿದ್ದರು. ಐಸಿಎಸ್ ಪಾಸಾದ ಮೊದಲ ಭಾರತೀಯ ಅವರೇ. 1883ರ ಸುಮಾರಿಗೆ ತಮ್ಮ ಅಣ್ಣನ ಮನೆಗೆ ಬಂದು ಇದ್ದು, ಇಲ್ಲೇ 'ಪ್ರಕೃತಿರ್ ಪ್ರತಿಶೋಧ್' ಅನ್ನುವ ನಾಟಕ ಬರೆದರಂತೆ. ಆಗ ಅವರಿಗೆ ಇಪ್ಪತ್ತೆರಡು. ನಮಗಿಂತ ಮೂರೇ ವರ್ಷ ದೊಡ್ಡವರು, ನಾವು ಇನ್ನೂ ಲ್ಯಾಬ್ ರೆಕಾರ್ಡ್ ಕಾಪಿ ಮಾಡ್ಕೊಂಡು ಇದೀವಿ.

ಬೀಚಿನ ಮರಳಿನ ಮೇಲೆ ಐಎನ್‌ಎಸ್ ಚಪಲ್ ನಿಂತಿದೆ. ಸೋವಿಯತ್ ರಷ್ಯಾದಲ್ಲಿ ಕಟ್ಟಿದ ಓಸಾ-2 ಜಾತಿಯ ಕ್ಷಿಪಣಿ ದೋಣಿ. 1976ರಲ್ಲಿ ನಮ್ಮ ನೌಕಾಪಡೆಗೆ ಬಂತು, 2005ರಲ್ಲಿ ನಿವೃತ್ತಿ ಆಯ್ತು, ಮರುವರ್ಷ ಇಲ್ಲಿ ಮ್ಯೂಸಿಯಂ ಆಯ್ತು. ಉದ್ದ ನಲವತ್ತು ಮೀಟರ್ ಕೂಡ ಇಲ್ಲ. ಫೋಟೋದಲ್ಲಿ ದೊಡ್ಡದಾಗಿ ಕಾಣುತ್ತೆ, ಎದುರು ನಿಂತರೆ ಎರಡು ವೋಲ್ವೋ ಬಸ್ಸು ಹಿಂದೆ ಮುಂದೆ ನಿಲ್ಲಿಸಿ ಇನ್ನೊಂದು ಸೇರಿಸಿದಷ್ಟು ಅಷ್ಟೇ. ಎರಡೂ ಬದಿಗೆ ಎರಡೆರಡು ದಪ್ಪ ಪೆಟ್ಟಿಗೆ, ಅದರೊಳಗೆ ಕ್ಷಿಪಣಿ ಇರ್ತಿತ್ತು. ಒಳಗೆ ಬೊಂಬೆಗಳಿಗೆ ಯೂನಿಫಾರಂ ಹಾಕಿ ನಿಲ್ಲಿಸಿದ್ದಾರೆ. ತಾತ ಇದ್ದಿದ್ದರೆ ಆ ಹೊಲಿಗೆ ನೋಡಿ ಏನಾದರೂ ಒಂದು ತಪ್ಪು ಹುಡುಕ್ತಿದ್ದರು.

ನಾನು ಮೆಕ್ಯಾನಿಕಲ್ ಬ್ರಾಂಚ್, ಆದ್ದರಿಂದ ಇದನ್ನ ಹೇಳದೇ ಇರೋಕೆ ಆಗಲ್ಲ. ಓಸಾ-2 ದೋಣಿಗಳಿಗೆ ಮೂರು ಡೀಸೆಲ್ ಎಂಜಿನ್, ಎಂ-504 ಅಂತ. ಒಂದೊಂದಕ್ಕೆ ಐವತ್ತಾರು ಸಿಲಿಂಡರ್. ಹೌದು, ಐವತ್ತಾರು. ಒಂದು ಸಾಲಿಗೆ ಎಂಟರಂತೆ ಏಳು ಸಾಲು, ನಡುವಿನ ಶಾಫ್ಟ್ ಸುತ್ತ ನಕ್ಷತ್ರದ ಥರ ಜೋಡಿಸಿರ್ತಾರೆ. ಒಂದು ಎಂಜಿನ್ನಿಂದ ಐದು ಸಾವಿರ ಅಶ್ವಶಕ್ತಿ. ನಮ್ಮ ಲ್ಯಾಬಿನಲ್ಲಿ ಒಂದು ಸಿಲಿಂಡರ್ ಎಂಜಿನ್ ಸ್ಟಾರ್ಟ್ ಆಗೋಕೆ ಅರ್ಧ ಗಂಟೆ ಬೇಕು. ಇಂಥದ್ದನ್ನ ಸಮುದ್ರದ ಮಧ್ಯೆ, ಇಷ್ಟು ಕಿರಿದಾದ ಜಾಗದಲ್ಲಿ, ಆ ಸೆಕೆಯಲ್ಲಿ ರಿಪೇರಿ ಮಾಡಿದವರಿಗೆ ಕೈ ಮುಗೀಬೇಕು ಅನ್ನಿಸ್ತು. ಗೆಳೆಯ ಮಾತಾಡಲಿಲ್ಲ, ಒಂದು ಪೈಪನ್ನ ಬೆರಳಲ್ಲಿ ಹಿಂಬಾಲಿಸಿಕೊಂಡು ಹೋಗಿ ಅದು ಎಲ್ಲಿ ಮುಗಿಯುತ್ತೆ ಅಂತ ನೋಡ್ತಿದ್ದ. ಇವನು ಫೈನಲ್ ಇಯರ್ ಆದಮೇಲೆ ನೇವಿಗೆ ಸೇರಬೇಕು ಅಂತಿದ್ದಾನೆ, ಎಂಜಿನಿಯರಿಂಗ್ ಬ್ರಾಂಚಿಗೆ. ಎಸ್‌ಎಸ್‌ಬಿ ಇಂಟರ್ವ್ಯೂಗೆ ಈಗಲೇ ಓಡೋದು, ಪುಷ್‌ಅಪ್ ಎಲ್ಲ ಶುರು ಮಾಡಿದ್ದಾನೆ. ಕಾಲೇಜಲ್ಲಿ ಎಲ್ಲರಿಗೂ ಗೊತ್ತು. ಮನೇಲಿ ಗೊತ್ತಿಲ್ಲ.

ಮೇಲೆ ಡೆಕ್ಕಿನಲ್ಲಿ ಒಬ್ಬರು ಮಗನಿಗೆ "ಕರಾಚಿಗೆ ಬೆಂಕಿ ಹಚ್ಚಿದ್ದು ಇದೇ ಬೋಟು" ಅಂತ ಹೇಳ್ತಿದ್ದರು. ಅಲ್ಲ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ಹೋದದ್ದು ನಿಪಾತ್, ನಿರ್ಘಾತ್, ವೀರ್ ಅನ್ನುವ ಮೂರು ದೋಣಿಗಳು. ಅವು ಓಸಾ-1. ಆ ಕಾರಣಕ್ಕೇ ಡಿಸೆಂಬರ್ 4 ನೌಕಾಪಡೆ ದಿನ. ಚಪಲ್ ಬಂದದ್ದು ಐದು ವರ್ಷ ಆದಮೇಲೆ, ಒಂದೇ ವಂಶ, ಇದು ತಮ್ಮ. ನಾನು ಹೇಳೋಕೆ ಹೊರಟೆ. ಗೆಳೆಯ ಶರ್ಟು ಹಿಡಿದು ಎಳೆದ. "ಬಿಡೋ ಮಾರಾಯಾ, ಆ ಹುಡುಗನ ಮುಖ ನೋಡು" ಅಂದ. ನೋಡಿದೆ. ಬಿಟ್ಟೆ.

ಚಪಲ್ ಹತ್ತಿರವೇ ಈಗ ಟುಪೊಲೆವ್-142 ವಿಮಾನವೂ ಇದೆ. ಜಲಾಂತರ್ಗಾಮಿ ಹುಡುಕುವ ದೈತ್ಯ, ರೆಕ್ಕೆಯ ಅಗಲ ಐವತ್ತು ಮೀಟರ್. ಒಂದೊಂದು ಎಂಜಿನ್ನಿಗೆ ಎರಡು ಪ್ರೊಪೆಲ್ಲರ್, ಒಂದು ಈ ಕಡೆ ತಿರುಗಿದರೆ ಇನ್ನೊಂದು ಆ ಕಡೆ. 1988ರಿಂದ ಇಂಥ ಎಂಟು ನಮ್ಮಲ್ಲಿದ್ದವು, 2017ರಲ್ಲಿ ಎಲ್ಲ ನಿವೃತ್ತಿ. ಇದನ್ನ ತಮಿಳುನಾಡಿನ ಅರಕ್ಕೋಣಂನಿಂದ ಬಿಚ್ಚಿ ಲಾರಿ ಮೇಲೆ ತಂದು ಮತ್ತೆ ಜೋಡಿಸಿದ್ದಾರೆ. ಎಲ್ಲರೂ ಇದರ ಮುಂದೆ ಸೆಲ್ಫಿ ತಗೋತಾರೆ. ನಾನೂ ತಗೊಂಡೆ.

ಆದರೆ ಬೀಚಿನಲ್ಲಿ ನಾನು ಜಾಸ್ತಿ ಹೊತ್ತು ನಿಂತದ್ದು ಒಂದು ಪ್ರತಿಮೆ ಮುಂದೆ. ಮೇಜರ್ ರಾಮ ರಾಘೋಬ ರಾಣೆ, ಪರಮವೀರ ಚಕ್ರ. ಇವರು ಇಲ್ಲೇ ಚೆಂಡಿಯಾದವರು. ಆ ಪದಕವನ್ನ ಬದುಕಿದ್ದಾಗಲೇ ಪಡೆದ ಮೊದಲನೆಯವರು. 1948ರ ಏಪ್ರಿಲಿನಲ್ಲಿ ನೌಶೇರಾದಿಂದ ರಜೌರಿಗೆ ಹೋಗೋ ದಾರೀಲಿ ಮೈನು ಕಿತ್ತು, ಅಡ್ಡ ಬಿದ್ದ ಮರ ಸರಿಸಿ, ಗುಂಡಿನ ನಡುವೆ ಮೂರು ದಿನ ಟ್ಯಾಂಕುಗಳಿಗೆ ರಸ್ತೆ ಮಾಡಿಕೊಟ್ಟರು. ಮೊದಲ ದಿನವೇ ಗಾಯ ಆಗಿತ್ತು, ಆದರೂ ನಿಲ್ಲಿಸಲಿಲ್ಲ. ನನಗೆ ಹಿಡಿಸಿದ್ದು, ಅವರೂ ಸ್ಯಾಪರ್. ಬಾಂಬೆ ಎಂಜಿನಿಯರ್ಸ್. ನಮ್ಮ ಗೋಡೆ ಆಚೆಯ ತಂಬಿಗಳ ದಾಯಾದಿ. ಎಂಜಿನಿಯರಿಂಗ್ ಅಂದ್ರೆ ಪ್ಲೇಸ್‌ಮೆಂಟು, ಪ್ಯಾಕೇಜು ಅಂತ ಮಾತ್ರ ಕೇಳಿ ಕೇಳಿ ಸಾಕಾಗಿದ್ದ ಕಿವಿಗೆ ಇದು ಚೆನ್ನಾಗಿತ್ತು.

ಸಂಜೆ ಸದಾಶಿವಗಡ. ಸೋದೆಯ ಅರಸ ಬಸವಲಿಂಗ ಕಟ್ಟಿಸಿ ಅಪ್ಪನ ಹೆಸರಿಟ್ಟ ಕೋಟೆ, ಈಗ ಉಳಿದಿರೋದು ಕಡಿಮೆ. ನೋಡಬೇಕಾದ್ದು ಕಾಳಿ ನದಿ ಸಮುದ್ರ ಸೇರುವ ಜಾಗ. ಅಲ್ಲಿದ್ದ ಎರಡು ಸೇತುವೆಗಳಲ್ಲಿ ಹಳೆಯದು 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು. ಮೇಲೆ ಹೋಗ್ತಿದ್ದ ಲಾರಿ ನೀರಿಗೆ ಬಿತ್ತು, ಡ್ರೈವರ್ ಬದುಕಿದ್ದು ಪುಣ್ಯ. ಸುಮಾರು ನಲವತ್ತು ವರ್ಷದ ಸೇತುವೆ ಅಷ್ಟೇ. ಸಿವಿಲ್ ಬ್ರಾಂಚಿನವರು ಗೋವಾಕ್ಕೆ ಹೋಗುವಾಗ ಇಲ್ಲಿ ಒಂದು ಸಲ ಇಳಿದು ನೀರು ನೋಡಲಿ.

ಮರುದಿನ ಅವನ ಮನೆಗೆ. ಕಾರವಾರದಿಂದ ದಕ್ಷಿಣಕ್ಕೆ ಹೆದ್ದಾರಿ 66ರಲ್ಲಿ ಸ್ಕೂಟರ್ ಮೇಲೆ ಹೊರಟ್ವಿ. ಬಿಣಗಾ ದಾಟಿ ಅರಗಾ ಬರ್ತಿದ್ದ ಹಾಗೆ ಸಮುದ್ರದ ಕಡೆಗೆ ಗೋಡೆ ಶುರುವಾಯ್ತು. ಇದೇ ಐಎನ್‌ಎಸ್ ಕದಂಬ. ನಮ್ಮ ಬನವಾಸಿಯ ಕದಂಬರ ಹೆಸರು, ಅದಕ್ಕೆ ಖುಷಿ. ಸೀಬರ್ಡ್ ಯೋಜನೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರ ಮೇನಲ್ಲಿ ನೆಲೆ ಕೆಲಸ ಶುರು ಮಾಡಿತು. ವಿಕ್ರಮಾದಿತ್ಯ ಅನ್ನುವ 284 ಮೀಟರಿನ ವಿಮಾನವಾಹಕ ಹಡಗಿನ ತವರು ಇದು. ಅಂದ್ರೆ ಚಪಲ್‌ನಂಥ ಏಳು ದೋಣಿ ಸಾಲಾಗಿ ನಿಲ್ಲಿಸಿದಷ್ಟು ಉದ್ದ. ಇದಕ್ಕಾಗಿ ಕರಾವಳಿಯ ಹಲವು ಹಳ್ಳಿಗಳ ಸಾವಿರಾರು ಕುಟುಂಬ ಜಾಗ ಬಿಟ್ಟು ಎದ್ದವು, ಪರಿಹಾರದ ಕೇಸುಗಳು ದಶಕಗಟ್ಟಲೆ ನಡೆದವು. ಇದೆಲ್ಲ ಓದಿಕೊಂಡಿದ್ದೆ. ಸ್ಕೂಟರ್ ಮೇಲೆ ಗೋಡೆ ಪಕ್ಕದಲ್ಲಿ ಹೋಗುವಾಗ ಓದಿದ್ದು ಬೇರೆ ಥರ ಅನ್ನಿಸುತ್ತೆ, ಯಾಕಂದ್ರೆ ಗೋಡೆ ಮುಗಿಯೋದೇ ಇಲ್ಲ. ಸಮುದ್ರದ ಗಾಳಿ ಬರುತ್ತೆ, ಸಮುದ್ರ ಕಾಣಲ್ಲ. ಒಂದು ಕಡೆ ಗೆಳೆಯ ಹಿಂದೆ ತಿರುಗದೆ ಎಡಗೈ ಗುಡ್ಡದ ಕಡೆ, ಬಲಗೈ ಗೋಡೆ ಕಡೆ ತೋರಿಸಿ "ಅಲ್ಲಿಂದ ಅಲ್ಲೀ ತನಕ ನಮ್ದು" ಅಂದ. ಸ್ಕೂಟರಿನ ಹ್ಯಾಂಡಲ್ ಹಿಡಿ ಮೊದಲು ಅಂತ ಕೂಗಿದೆ.

ಅವರ ಮನೆ ಈಗ ಪುನರ್ವಸತಿ ಕಾಲೊನಿಯಲ್ಲಿದೆ. ಅಜ್ಜನಿಗೆ ಎಂಬತ್ತರ ಹತ್ತಿರ. ಜಗುಲಿಯಲ್ಲಿ ಕೂತು ನನ್ನನ್ನ ಮೇಲಿಂದ ಕೆಳಗೆ ನೋಡಿ, "ತಮಾ, ಬೆಂಗ್ಳೂರಲ್ಲಿ ಎಲ್ಲಿ?" ಅಂದರು. ಮಿಲಿಟರಿ ಕಾಂಪೌಂಡ್ ಪಕ್ಕ ಅಂದೆ. "ಹಂಗಾರೆ ನೀನೂ ನಮ್ಮವನೇ" ಅಂತ ನಕ್ಕರು. ಆಯಿ ಬಾಂಗಡೆ ಸಾರು, ಕುಚ್ಚಲಕ್ಕಿ ಅನ್ನ, ಸೋಲ್ ಕಡಿ ಬಡಿಸಿದರು. ಅದರ ಬಗ್ಗೆ ಬರೆದರೆ ಇನ್ನೊಂದು ಲೇಖನ ಆಗುತ್ತೆ.

ಊಟ ಆದಮೇಲೆ ಅಜ್ಜ 1961ರ ಕಥೆ ಹೇಳಿದರು. ಬಿಣಗಾ ಎದುರಿಗೆ ಅಂಜದೀವ ಅಂತ ದ್ವೀಪ ಇದೆ. 1498ರಲ್ಲಿ ವಾಸ್ಕೋ ಡ ಗಾಮಾ ನಿಂತು ಹೋದ ಜಾಗ, ಆಮೇಲೆ ಪೋರ್ಚುಗೀಸರ ಕೈಯಲ್ಲಿತ್ತು. 1961ರ ನವೆಂಬರಿನಲ್ಲಿ ಅಲ್ಲಿಂದ ನಮ್ಮ 'ಸಾಬರಮತಿ' ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಮುಂದಿನ ತಿಂಗಳು ಗೋವಾ ಬಿಡುಗಡೆ ಕಾರ್ಯಾಚರಣೆ ನಡೆದಾಗ ಐಎನ್‌ಎಸ್ ತ್ರಿಶೂಲ್, ಐಎನ್‌ಎಸ್ ಮೈಸೂರು ಎರಡೂ ಅಲ್ಲಿಗೆ ಬಂದವು. ದ್ವೀಪ ನಮ್ಮದಾಯ್ತು, ಏಳು ನಾವಿಕರು ಸತ್ತರು. ಅಜ್ಜನಿಗೆ ಆಗ ಹದಿನಾಲ್ಕು. "ತೋಪಿನ ಶಬ್ದಕ್ಕೆ ದನ ಹಗ್ಗ ಹರ್ಕೊಂಡು ಓಡಿದ್ವು. ನಾವು ಹುಡುಗ್ರು ಮರಳಿನ ಮೇಲೆ ನಿಂತು ಚಪ್ಪಾಳೆ ಹೊಡೆದದ್ದೇ ಹೊಡೆದದ್ದು. ನಮ್ಮ ಹಡಗು ಅಲ್ವನಾ?" ಅಂದರು. ಆ ಚಪ್ಪಾಳೆ ಹೊಡೆದ ಮರಳು ಈಗ ಗೋಡೆಯ ಒಳಗಿದೆ. ಅಂಜದೀವವೂ ಈಗ ನೆಲೆಯ ಭಾಗ. ಇದನ್ನ ಅವರು ಹೇಳಲಿಲ್ಲ, ನಾನೇ ಲೆಕ್ಕ ಹಾಕಿದೆ. ಯಾರನ್ನೂ ಬೈಯಲೂ ಇಲ್ಲ. ಬೈದಿದ್ದರೆ ನನಗೆ ಸುಲಭ ಆಗ್ತಿತ್ತು, ಒಂದು ಕಡೆ ನಿಂತುಕೊಳ್ಳಬಹುದಿತ್ತು. ನಮ್ಮ ತಾತನಿಗೂ ಈ ಅಜ್ಜನಿಗೂ ಭೇಟಿ ಆಗಿದ್ದರೆ ಏನು ಮಾತಾಡಿಕೊಳ್ತಿದ್ದರು ಅಂತ ಯೋಚನೆ ಬಂತು. ಒಬ್ಬರಿಗೆ ಗೋಡೆ ಅಂಗಡಿ ಕೊಟ್ಟಿತ್ತು.

ಆಮೇಲೆ ಅಜ್ಜ ನನ್ನ ಕಡೆ ಬಗ್ಗಿ ಕೇಳಿದರು. "ಇವ ಓದಿ ಮುಂದೆ ಎಂತ ಮಾಡ್ತೇನೆ ಅಂತಾನೆ?"

ನಾನು ಗೆಳೆಯನ ಮುಖ ನೋಡಿದೆ. ಅವನು ಅಂಗಳದ ತೆಂಗಿನ ಮರ ನೋಡ್ತಿದ್ದ. ಒಳಗೆ ಪಾತ್ರೆ ಸದ್ದು ನಿಂತಿತು, ಆಯಿಯೂ ಕೇಳಿಸಿಕೊಳ್ತಿದ್ದರು ಅನ್ನಿಸುತ್ತೆ. ನಾನು ಸುಮ್ಮನಿದ್ದೆ, ಇದು ನಾನು ಹೇಳೋ ಮಾತಲ್ಲ. ಕೊನೆಗೆ ಅವನೇ ಕೊಂಕಣಿಯಲ್ಲಿ ಎರಡು ವಾಕ್ಯ ಹೇಳಿದ. 'ನೇವಿ' ಅನ್ನೋ ಪದ ಮಾತ್ರ ನನಗೆ ಅರ್ಥ ಆಯ್ತು.

ಅಜ್ಜ ಬಾಯಲ್ಲಿದ್ದ ಕವಳ ಉಗುಳಿ ಬಂದರು. ಕೂತರು. ನನಗೂ ಗೊತ್ತಾಗಲಿ ಅಂತಲೋ ಏನೋ ಕನ್ನಡದಲ್ಲೇ ಮಾತಾಡಿದರು. "ಒಳಗೆ ಬಿಡ್ತಾರನಾ ನಿನ್ನ?"

"ಸೇರಿದ್ರೆ ಬಿಡ್ತಾರೆ ಅಜ್ಜಾ. ಇಲ್ಲೇ ಪೋಸ್ಟಿಂಗ್ ಆಗಬೇಕಲ್ಲ."

"ನಮ್ಮ ಬಾವಿ ಉಂಟೋ ಮುಚ್ಚಿದಾರೋ ನೋಡ್ಕೊಂಡು ಬಾ ಪುತಾ. ಚಿರೆಕಲ್ಲಿನ ಬಾವಿ, ನಿನ್ನ ಮುತ್ತಜ್ಜ ತೋಡಿಸಿದ್ದು." ಅಷ್ಟು ಹೇಳಿ ಜಗುಲಿಯ ಸಿಮೆಂಟಿನ ಮೇಲೆ ಬೆರಳಲ್ಲಿ ಗೆರೆ ಎಳೆಯೋಕೆ ಶುರು ಮಾಡಿದರು. ಇದು ಹಳೇ ರಸ್ತೆ, ಇಲ್ಲಿ ಹಳ್ಳ, ಹಳ್ಳ ದಾಟಿದರೆ ಎರಡು ಹಲಸಿನ ಮರ, ಅದರ ಬಲಕ್ಕೆ. ಗೆಳೆಯ ಮೊಣಕಾಲೂರಿ ಕೂತು, "ಹಳ್ಳದಿಂದ ಎಷ್ಟು ಹೆಜ್ಜೆ ಅಜ್ಜಾ?" ಅಂತ ಕೇಳ್ತಾ ಫೋನಿನಲ್ಲಿ ಮ್ಯಾಪ್ ತೆಗೆದ. ಆ ಮ್ಯಾಪಿನಲ್ಲಿ ಹಳ್ಳವೂ ಇರಲಿಲ್ಲ, ಹಳೇ ರಸ್ತೆಯೂ ಇರಲಿಲ್ಲ. ಅಜ್ಜ ಫೋನನ್ನ ಪಕ್ಕಕ್ಕೆ ಸರಿಸಿ, "ಇಲ್ಲಿ ನೋಡು" ಅಂತ ಮತ್ತೆ ಮೊದಲಿಂದ ಗೆರೆ ಎಳೆದರು.